ಡಬ್ಬಿಯ ಕುಂದಾ, ಮನೆಯ ಕುಂದಾ



ಮುಂಬೈಯಿಂದಲೋ ಪುಣೆಯಿಂದಲೋ ಹುಬ್ಬಳ್ಳಿಯ ರೈಲು ಹತ್ತಿದರೆ ಮಿರಜ್ ದಾಟಿದ ಮೇಲೆ ಬಾಯಿ ಸುಮ್ಮನಿರುವುದಿಲ್ಲ. ಬೆಳಗಾವಿಯಲ್ಲಿ ಕುಂದಾ, ಧಾರವಾಡದಲ್ಲಿ ಪೇಢೆ, ಹುಬ್ಬಳ್ಳಿಯಲ್ಲಿ ಇಳಿದರೆ ಗಿರ್ಮಿಟ್, ಮಿರ್ಚಿ ಭಜಿ. ಗೋಕಾಕದವರು ಜೊತೆಗಿದ್ದರೆ ಕರದಂಟೂ ಉಂಟು. ಕರಿದ ಅಂಟು ಹಾಕುವುದರಿಂದಲೇ ಅದಕ್ಕೆ ಆ ಹೆಸರು. ಸಿಹಿಯ ಡಬ್ಬಿ ಮನೆಗೆ ಬರುತ್ತದೆ, ಎರಡೇ ದಿನಕ್ಕೆ ಖಾಲಿ.

ಈ ಸಲ ಮಾಡುವ ಬಗೆಯನ್ನೂ ತನ್ನಿ. ಕುಂದಾ ಮನೆಯಲ್ಲೂ ಆಗುತ್ತದೆ. 1 ಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಬಾಣಲೆಯಲ್ಲಿ ಅರ್ಧಕ್ಕೆ ಇಳಿಸಿ. 2 ಚಮಚ ಮೊಸರು ಹಾಕಿದರೆ ಹಾಲು ಒಡೆದು ಕಾಳುಕಾಳಾಗುತ್ತದೆ. ಗಾಬರಿ ಬೇಡ, ಬೇಕಾದದ್ದೇ ಅದು. 100 ಗ್ರಾಂ ಸಕ್ಕರೆಯಲ್ಲಿ ಮುಕ್ಕಾಲು ಪಾಲು ಹಾಗೇ ಸೇರಿಸಿ. ಉಳಿದದ್ದನ್ನು ಬೇರೆ ಪಾತ್ರೆಯಲ್ಲಿ ಕೆಂಪಗೆ ಕರಗಿಸಿ ಸುರಿಯಿರಿ. ಭುಸ್ಸೆಂದು ಉಕ್ಕುತ್ತದೆ, ಜೋಪಾನ. ಕುಂದಾದ ಬಣ್ಣ, ಘಮ ಬರುವುದು ಇದರಿಂದಲೇ. ಸಣ್ಣ ಉರಿಯಲ್ಲಿ ನೀರು ಆರುವವರೆಗೆ ಕೈಯಾಡಿಸಿ, ಏಲಕ್ಕಿ ಉದುರಿಸಿ.

ಇದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು. ಆ ಹೊತ್ತು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಹದ, ಎಳೆಪಾಕ, ತಳ ಹತ್ತುವುದು ಎಂಬ ಮಾತುಗಳು ಎಲ್ಲಿ ಸಿಗಬೇಕು? ಡಬ್ಬಿಯ ಮೇಲೆ ಅವನ್ನು ಬರೆದಿರುವುದಿಲ್ಲ. "ತಳ ಹತ್ತೀತು, ಕೈಯಾಡಿಸು ಮಗಾ" ಎಂದು ನಾಲ್ಕು ಸಲ ಕೇಳಿದ ಮಗು ಐದನೆಯ ಸಲ ತಾನೇ ಹೇಳುತ್ತದೆ.

ಮುಂದಿನ ಪ್ರಯಾಣದಲ್ಲಿ ಸಿಹಿ ಕೊಳ್ಳುವಾಗ ಅಂಗಡಿಯವರನ್ನು ಮಕ್ಕಳೇ ಕೇಳಲಿ: "ಇದರ ಹದ ಹ್ಯಾಂಗ ತಿಳಿತೈತ್ರಿ ಅಣ್ಣಾರ?" ಉತ್ತರವನ್ನು ಬರೆದುಕೊಂಡು ಬನ್ನಿ.