ಫಿರಂಗಿಯ ಊರು, ದಂಡಿನ ಪೇಟೆ



‘ಮೆಮೊರೀಸ್’ 1995ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ತೆರೆಕಂಡ ಅನಿಮೇಶನ್ ಚಿತ್ರ. ಒಂದು ಟಿಕೆಟ್ಟಿಗೆ ಮೂರು ಕತೆ. ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ವನ್ನು 1976ರಲ್ಲೇ ನೋಡಿದವರಿಗೆ ಈ ಬಗೆ ಹೊಸದೇನಲ್ಲ. ಆದರೆ ಅಲ್ಲಿ ಮೂರು ಕತೆಗೂ ನಿರ್ದೇಶಕರು ಒಬ್ಬರೇ, ಇಲ್ಲಿ ಮೂವರು.

ಮೊದಲನೆಯದು ಕೋಜಿ ಮೊರಿಮೊಟೊ ಅವರದು, ಚಿತ್ರಕತೆ ಸತೋಶಿ ಕೋನ್. 2092ರ ಬಾಹ್ಯಾಕಾಶದಲ್ಲಿ ಗುಜರಿ ಆಯುವ ನೌಕೆಯೊಂದು, ಸತ್ತುಹೋದ ಒಪೆರಾ ಗಾಯಕಿಯ ನೆನಪುಗಳ ಬಲೆಗೆ ಬೀಳುತ್ತದೆ. ವಿಮರ್ಶಕರು ಹೆಚ್ಚಾಗಿ ಹೊಗಳುವುದು ಇದನ್ನೇ. ಎರಡನೆಯದು ತೆನ್ಸಾಯ್ ಒಕಾಮುರಾ ಅವರದು: ನೆಗಡಿಯಾದ ಪ್ರಯೋಗಾಲಯದ ಹುಡುಗ ತಪ್ಪು ಮಾತ್ರೆ ನುಂಗಿ, ತನ್ನ ಮೈಯ ನಾತದಿಂದಲೇ ಜನರನ್ನು ಉರುಳಿಸುತ್ತ ಟೋಕಿಯೊ ಕಡೆ ಹೊರಡುತ್ತಾನೆ. ನಗು ಬರುತ್ತದೆ, ಸ್ವಲ್ಪ ಉದ್ದವಾಯಿತು ಅನ್ನಿಸುತ್ತದೆ.

ನಾನು ಇಲ್ಲಿಗೆ ಬಂದಿರುವುದು ಮೂರನೆಯದಕ್ಕಾಗಿ. ‘ಅಕಿರಾ’ ಖ್ಯಾತಿಯ ಕತ್ಸುಹಿರೊ ಒಟೊಮೊ ಅವರೇ ನಿರ್ದೇಶಿಸಿದ ‘ಕ್ಯಾನನ್ ಫಾಡರ್’.

ಒಂದು ಊರು. ಮನೆಮನೆಯ ಮಾಡಿನ ಮೇಲೂ ಫಿರಂಗಿ. ತಂದೆ 17ನೇ ಫಿರಂಗಿಗೆ ಗುಂಡು ತುಂಬುವವನು, ತಾಯಿ ಮದ್ದುಗುಂಡಿನ ಕಾರ್ಖಾನೆಯವಳು. ಮಗ ಶಾಲೆಯಲ್ಲಿ ಕಲಿಯುವ ಗಣಿತವೂ ಗುಂಡು ಹಾರಿಸುವುದಕ್ಕೆ ಬೇಕಾದಷ್ಟೇ. ಶತ್ರು ಯಾರೆಂದು ಯಾರೂ ಕಂಡಿಲ್ಲ. ಸುಮಾರು ಇಪ್ಪತ್ತು ನಿಮಿಷದ ಈ ಕತೆ ಎಲ್ಲೂ ಕತ್ತರಿ ಬೀಳದ ಒಂದೇ ಶಾಟ್ ಎಂಬಂತೆ ಸಾಗುತ್ತದೆ. ಕೈಯಲ್ಲಿ ಬರೆದ ಚಿತ್ರಗಳನ್ನು ಕಂಪ್ಯೂಟರ್ ನೆರವಿನಿಂದ ಹೊಸೆದು ಆ ಭ್ರಮೆ ಹುಟ್ಟಿಸಿದ್ದಾರೆ. ಇದನ್ನು ಬರೀ ಕಸರತ್ತು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕ್ಯಾಮೆರಾ ಮನೆಯಿಂದ ಶಾಲೆಗೆ, ಶಾಲೆಯಿಂದ ಫಿರಂಗಿಗೆ, ಅಲ್ಲಿಂದ ಕಾರ್ಖಾನೆಗೆ ತೆವಳುತ್ತದೆ, ಸಂತೆಗೆ ಮಾತ್ರ ಹೋಗುವುದಿಲ್ಲ. ಊರಿಗೆ ಇನ್ನೊಂದು ಬದುಕು ಇರಬಹುದಾದ ಸಂದನ್ನೇ ಆ ಶಾಟ್ ಮುಚ್ಚಿಬಿಡುತ್ತದೆ.

ನಾವು ಕೂತಿರುವ ಬೆಂಗಳೂರಿನ ದಂಡು ಪ್ರದೇಶವೂ ಸೈನ್ಯಕ್ಕಾಗಿಯೇ ಹುಟ್ಟಿದ್ದು. ಶ್ರೀರಂಗಪಟ್ಟಣದ ಜ್ವರ ತಾಳಲಾರದೆ ಬ್ರಿಟಿಷರು 1809ರಲ್ಲಿ ಹಲಸೂರಿನ ಬಯಲಿಗೆ ಪಡೆಯನ್ನು ತಂದರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಕೈಬಿಡಲಿಲ್ಲ. ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಶನ್ ಆದದ್ದು 1949ರಲ್ಲಿ. ಇನ್‌ಫೆಂಟ್ರಿ ರೋಡು, ಬ್ರಿಗೇಡ್ ರೋಡು, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರೋಡು: ಒಟೊಮೊ ಅವರ ಊರಿಗೂ ಒಪ್ಪುವ ಹೆಸರುಗಳೇ.

ಆದರೆ ಸಿಪಾಯಿಗೂ ಅಂಗಿ ಹೊಲಿಯಬೇಕು, ಕುದುರೆಗೂ ಹುಲ್ಲು ಬೇಕು. ಆ ಕೆಲಸಕ್ಕೆ ತಮಿಳು, ಉರ್ದು, ತೆಲುಗು ಆಡುವವರು ಬಂದರು. ದಂಡಿನ ಬಗಲಲ್ಲೇ ಬಜಾರು ಬೆಳೆಯಿತು. 1927ರಲ್ಲಿ ರಸೆಲ್ ಮಾರ್ಕೆಟ್ ಎದ್ದಿತು. ಶಿವಾಜಿನಗರದ ಮೇರಿಯಮ್ಮನ ಹಬ್ಬಕ್ಕೆ ಯಾವ ಜಾತಿ ಮತ ಎಂದು ಕೇಳದೆ ಜನ ಸೇರಿದರು. ಹಲಸೂರಿನ ಸೋಮೇಶ್ವರನಂತೂ ಪಡೆ ಬರುವ ಮೊದಲೇ ಇದ್ದವನು. ದಂಡಿನ ಕತೆ ಬರೆಯುವವರು ಪರೇಡು, ಬಂಗಲೆ, ಬ್ಯಾಂಡುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಈ ನೆಲ ಬರೀ ಫಿರಂಗಿಯ ಊರಾಗದಂತೆ ಉಳಿಸಿದ್ದು ಕಾಯಿಪಲ್ಲೆ ಮಾರುವವರು, ದರ್ಜಿಗಳು ಎಂದು ನನ್ನ ವಾದ.

ಈ ವಾದಕ್ಕೆ ಒಂದು ತೊಡಕೂ ಇದೆ. ಪೂರ್ವ ಬೆಂಗಳೂರು ಆಯುಧದಿಂದ ದೂರವೇನೂ ಸರಿದಿಲ್ಲ. 1940ರಲ್ಲಿ ಶುರುವಾದ ಎಚ್‌ಎಎಲ್ ಇಂದಿಗೂ ಯುದ್ಧವಿಮಾನ ಮಾಡುತ್ತದೆ. ಇಂದಿರಾನಗರದಲ್ಲಿ ಡಿಫೆನ್ಸ್ ಕಾಲೊನಿಯೇ ಇದೆ. ಕೆ.ಆರ್. ಪುರದ ದಾರಿಯ ದೂರವಾಣಿನಗರದಲ್ಲಿ 1948ರ ಐಟಿಐ ಕಾರ್ಖಾನೆ ಟೆಲಿಫೋನ್ ಮಾಡಿತು, ಗುಂಡನ್ನಲ್ಲ. ಆದರೂ ಶಿಫ್ಟಿನ ಗಡಿಯಾರಕ್ಕೆ ಇಡೀ ಕುಟುಂಬ ಏಳುವುದು, ಉಣ್ಣುವುದು, ಮಲಗುವುದು ಏನೆಂದು ಅಲ್ಲಿನ ಕ್ವಾರ್ಟರ್ಸಿನ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಚಿತ್ರದ ಹುಡುಗನ ಬೆಳಗು ಅವರಿಗೆ ವಿಚಿತ್ರವಾಗಿ ಕಾಣಲಾರದು.

ಆ ಹುಡುಗ ರಾತ್ರಿ ಅಪ್ಪನನ್ನು ಕೇಳುತ್ತಾನೆ: ನಾವು ಯಾರ ಮೇಲೆ ಯುದ್ಧ ಮಾಡುತ್ತಿದ್ದೇವೆ? ದೊಡ್ಡವನಾದರೆ ಗೊತ್ತಾಗುತ್ತದೆ ಎಂದು ಅಪ್ಪ ಸುಮ್ಮನಾಗಿಸುತ್ತಾನೆ. ಅಪ್ಪನಿಗೂ ಗೊತ್ತಿಲ್ಲವೆಂದು ನನಗೆ ಅನ್ನಿಸುತ್ತದೆ. ಒಟೊಮೊ ಹಾಗೆ ಹೇಳಿಲ್ಲ. ಹುಡುಗನ ಆಸೆಯಾದರೋ ಅಪ್ಪನಂತೆ ಗುಂಡು ತುಂಬುವುದಲ್ಲ, ಗುಂಡು ಹಾರಿಸುವ ಅಧಿಕಾರಿಯಾಗುವುದು. ಇದೇ ನನ್ನನ್ನು ಹೆಚ್ಚು ಕಾಡಿದ್ದು: ಆ ಊರಿನಲ್ಲಿ ಮಗುವಿಗೆ ಮೇಲೇರುವ ಕನಸೂ ಸಿಗುತ್ತದೆ, ಆದರೆ ಅದೂ ಅದೇ ಫಿರಂಗಿಯ ಏಣಿಯ ಮೇಲೆ.