ಹ್ಯಾಂಡ್‌ಬ್ರೇಕಿನ ಹಲ್ಲು

ಮೋಟಾರು ಕಾರಿನ ಅಂಗಗಳಲ್ಲಿ ಎಲ್ಲಕ್ಕಿಂತ ಕಡಿಮೆ ಮರ್ಯಾದೆ ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ, ಹ್ಯಾಂಡ್‌ಬ್ರೇಕಿಗೆ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಎಂಜಿನ್ನು ಕೆಮ್ಮಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಹಾರನ್ನು ಕೂಗದಿದ್ದರೆ ಅಂದೇ ರಿಪೇರಿಯಾಗುತ್ತದೆ. ನಮ್ಮ ರಸ್ತೆಗಳಲ್ಲಿ ಹಾರನ್ನಿಲ್ಲದೆ ಹೊರಡುವುದು ನಾಲಗೆಯಿಲ್ಲದೆ ಸಂತೆಗೆ ಹೋದಂತೆ. ಹ್ಯಾಂಡ್‌ಬ್ರೇಕು ಕೆಟ್ಟರೆ ಮಾತ್ರ ಯಾರಿಗೂ ಏನೂ ಅನ್ನಿಸುವುದಿಲ್ಲ. ಕಾರು ಓಡುತ್ತದೆ, ಕಾಲಿನ ಬ್ರೇಕು ಹಿಡಿಯುತ್ತದೆ, ನಿಲ್ಲಿಸಿದಾಗ ಗಾಲಿಗೆ ಒಂದು ಕಲ್ಲು ಕೊಟ್ಟರಾಯಿತು. ಕೋಲಾರದ ಸೀಮೆಯಲ್ಲಿ ಕಲ್ಲಿಗೇನು ಬರವೆ?

ನಾನು ಹೇಳಹೊರಟಿರುವ ಕಾರು ತಾಯಲೂರಿನದು. ತಾಯಲೂರು ಮುಳಬಾಗಿಲು ತಾಲ್ಲೂಕಿನ ಊರು. ಆಂಧ್ರದ ಗಡಿ ದೂರವಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳದಲ್ಲಿ ಎರಡೂ ಎಂಬುದು ಆ ಕಡೆಯ ಪದ್ಧತಿ. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೆ. ಭಾವನವರು 1994ರಲ್ಲಿ ಕೊಂಡ ಸಣ್ಣ ಕಾರೊಂದು ಆ ಮನೆಯಲ್ಲಿ ಇಂದಿಗೂ ಇದೆ. ಎರಡು ಮದುವೆ, ಮೂರು ಬಾಣಂತನ, ಲೆಕ್ಕವಿಲ್ಲದಷ್ಟು ಸಲ ಕುರುಡುಮಲೆ, ಆವಣಿ ಎಂದು ತಿರುಗಿದ ಕಾರು. ಮಕ್ಕಳು ಮಾರಿಬಿಡಿ ಎನ್ನುತ್ತಾರೆ. ಭಾವನವರು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಮೂವತ್ತು ವರ್ಷ ದುಡಿದ ಯಂತ್ರದಲ್ಲಿ ಏನಾದರೊಂದು ಸವೆಯುವುದು ಸಹಜ. ಇದರಲ್ಲಿ ಸವೆದದ್ದು ಹ್ಯಾಂಡ್‌ಬ್ರೇಕು. ಹಿಡಿಯನ್ನು ಎಳೆದರೆ ಮೇಲೆ ಬರುತ್ತಿತ್ತು, ಕೈ ಬಿಟ್ಟೊಡನೆ ತೊಪ್ಪನೆ ಕೆಳಗೆ ಬೀಳುತ್ತಿತ್ತು. ಅಂದಿನಿಂದ ಕಲ್ಲಿನ ಆಡಳಿತ ಪ್ರಾರಂಭವಾಯಿತು.

ಮನೆಯ ಮುಂದಿನ ಓಣಿ ಹಾಲಿನ ಡೈರಿಯ ಕಡೆಗೆ ಇಳಿಜಾರು. ಒಂದು ಸಂಜೆ ಓಣಿಯ ಹುಡುಗರು ಕ್ರಿಕೆಟ್ಟಿನ ವಿಕೆಟ್ಟಿಗೆ ಸಮನಾದ ಕಲ್ಲು ಬೇಕೆಂದು ಗಾಲಿಯಡಿಯಿದ್ದುದನ್ನೇ ಎತ್ತಿಕೊಂಡು ಹೋದರು. ಕಾರು ಗೇರಿನಲ್ಲಿಯೇ ಇತ್ತು. ಆದರೆ ಗೇರಿನಲ್ಲಿ ನಿಂತ ಕಾರನ್ನು ಹಿಡಿದಿಡುವುದು ಎಂಜಿನ್ನಿನೊಳಗೆ ಒತ್ತಿಹಿಡಿದ ಗಾಳಿ. ಹಳೆಯ ಎಂಜಿನ್ನಿನಲ್ಲಿ ಆ ಗಾಳಿ ಮೆಲ್ಲನೆ ಸೋರುತ್ತದೆ. ಗಾಲಿ ಇಷ್ಟು ತಿರುಗಿ ನಿಲ್ಲುತ್ತದೆ, ಯೋಚಿಸಿದಂತೆ ಮಾಡಿ ಮತ್ತಿಷ್ಟು ತಿರುಗುತ್ತದೆ. ಹೀಗೆ ಕಾರು ಕಳ್ಳಹೆಜ್ಜೆಯಿಡುತ್ತ ಎಂಟು ಹತ್ತು ಅಡಿ ಸಾಗಿ, ಹಾಲು ಅಳೆಸಲು ಕ್ಯಾನು ಹಿಡಿದು ನಿಂತ ಹೆಂಗಸರ ಬೆನ್ನಿಗೆ ಬಂದಿತು. ಯಾರೋ ಕಂಡು ಕೂಗಿದರು, ಇಬ್ಬರು ಗಂಡಸರು ಹೆಗಲು ಕೊಟ್ಟು ತಡೆದರು. ಒಂದು ಕ್ಯಾನು ಹಾಲು ಚೆಲ್ಲಿತು, ಅಷ್ಟೆ. ಸಾಲಿನ ಕೊನೆಯಲ್ಲಿ ತಾಯಿಯ ಸೆರಗು ಹಿಡಿದು ಮೂರು ವರ್ಷದ ಮಗುವೊಂದು ಕುಳಿತಿತ್ತೆಂದು ಅಕ್ಕ ನನಗೆ ಆಮೇಲೆ ಫೋನಿನಲ್ಲಿ ಹೇಳಿದಳು. ಹೇಳುವಾಗ ಅವಳ ದನಿ ಸರಿಯಿರಲಿಲ್ಲ. ನಾನು ಮರುವಾರವೇ ತಾಯಲೂರಿಗೆ ಹೋದೆ.

ಕಾಲಿನ ಬ್ರೇಕು ಇರುವುದು ಕಾರಿನಲ್ಲಿ ಕುಳಿತವನಿಗಾಗಿ. ಹ್ಯಾಂಡ್‌ಬ್ರೇಕು ಇರುವುದು ಕಾರಿನಲ್ಲಿ ಯಾರೂ ಇಲ್ಲದ ಹೊತ್ತಿಗಾಗಿ, ಅಂದರೆ ಹೊರಗಿರುವವರಿಗಾಗಿ. ಕಾನೂನು ಇದನ್ನು ಬಹಳ ಚೆನ್ನಾಗಿ ಅರಿತಿದೆ. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮು, ಚಾಲಕನ ಸ್ಥಾನದಲ್ಲಿ ಲೈಸೆನ್ಸು ಪಡೆದವನೊಬ್ಬ ಇಲ್ಲದಿರುವಾಗ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಬೇಕಾದರೆ ಯಂತ್ರವನ್ನು ನಿಲ್ಲಿಸಿ ಬ್ರೇಕು ಹಾಕಿರಬೇಕು, ಅಥವಾ ಅದು ಆಕಸ್ಮಿಕವಾಗಿ ಚಲಿಸದಂತೆ ಬೇರೆ ಏರ್ಪಾಡು ಮಾಡಿರಬೇಕು ಎನ್ನುತ್ತದೆ. ಭಾವನವರು ಆ ಕೊನೆಯ ಮಾತನ್ನು ಹಿಡಿದುಕೊಂಡು, ಕಲ್ಲೂ ಒಂದು ಏರ್ಪಾಡೇ ಎಂದು ವಾದಿಸಿದರು. ಆಗಬಹುದು. ಆದರೆ ಹುಡುಗರು ಎತ್ತಿಕೊಂಡು ಹೋಗಬಹುದಾದ ಏರ್ಪಾಡು ಎಂಥ ಏರ್ಪಾಡು? 1989ರ ಕೇಂದ್ರ ನಿಯಮಗಳಂತೂ ಕಾರಿಗೆ ಒಂದನ್ನೊಂದು ಅವಲಂಬಿಸದ ಎರಡು ಬ್ರೇಕುಗಳಿರಬೇಕೆಂದು ವಿಧಿಸುತ್ತವೆ. ಕಾಲಿನದು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಕೊಳವೆ ಒಡೆದು ಎಣ್ಣೆ ಸೋರಿದರೆ ಅದು ಸತ್ತಂತೆ. ಕೈಯದು ಉಕ್ಕಿನ ತಂತಿಯದು, ಎಣ್ಣೆಯ ಹಂಗು ಅದಕ್ಕಿಲ್ಲ.

ಮುಳಬಾಗಿಲಿನಿಂದ ಮೆಕ್ಯಾನಿಕ್ಕು ಬಂದ. ಇಪ್ಪತ್ತೈದು ಇಪ್ಪತ್ತಾರರ ಯುವಕ. ಈ ಮೊದಲು ಬೇರೊಬ್ಬರು ಎರಡು ಸಲ ತಂತಿಯ ನಟ್ಟನ್ನು ಬಿಗಿಮಾಡಿ ಹೋಗಿದ್ದರಂತೆ. ಈತ ನಟ್ಟಿಗೆ ಕೈಹಾಕಲಿಲ್ಲ. ಕಾರನ್ನು ಸಮತಟ್ಟಾದ ನೆಲಕ್ಕೆ ತಳ್ಳಿಸಿ, ಮುಂದಿನ ಗಾಲಿಗಳಿಗೆ ಹಿಂದೂ ಮುಂದೂ ಬೆಣೆ ಕೊಟ್ಟು, ಎರಡು ಸೀಟುಗಳ ನಡುವಣ ಮುಚ್ಚಿಗೆಯನ್ನು ಬಿಚ್ಚಿ ಹಿಡಿಯನ್ನು ಬುಡಸಮೇತ ಹೊರತೆಗೆದ. ಹಳೆಯ ಅಂಬಾಸಿಡರಿನಲ್ಲಿ ಈ ಹಿಡಿ ಛತ್ರಿಯ ಕಾವಿನಂತೆ ಡ್ಯಾಶ್‌ಬೋರ್ಡಿನ ಕೆಳಗಿರುತ್ತಿತ್ತು. ಸಣ್ಣ ಕಾರುಗಳು ಅದನ್ನು ಸೀಟುಗಳ ನಡುವೆ ತಂದು ಕೂರಿಸಿದವು. ಈಗಿನ ಎಷ್ಟೋ ಕಾರುಗಳಲ್ಲಿ ಹಿಡಿಯೇ ಇಲ್ಲ, ಒತ್ತುವ ಗುಂಡಿಯೊಂದಿದೆ.

ಹೊರತೆಗೆದ ವಸ್ತು ಬಹಳ ಸರಳ. ಕಮಾನಿನಂಥ ಒಂದು ಉಕ್ಕಿನ ತಗಡು, ಅದರ ಅಂಚಿಗೆ ಗರಗಸದಂತೆ ಓರೆಯಾದ ಹಲ್ಲುಗಳು. ಹಿಡಿಯಲ್ಲಿ ಒಂದು ಪುಟ್ಟ ಕೊಕ್ಕೆ. ಹಿಡಿ ಎಳೆದಂತೆ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಟಿಕ್ ಟಿಕ್ ಎಂದು ಹತ್ತುತ್ತದೆ. ಹಲ್ಲುಗಳು ಓರೆಯಾಗಿರುವುದರಿಂದ ಹತ್ತಬಹುದು, ಜಾರುವಂತಿಲ್ಲ. ತುದಿಯ ಗುಂಡಿಯನ್ನೊತ್ತಿದಾಗ ಒಳಗಿನ ಸಲಾಕೆ ಕೊಕ್ಕೆಯನ್ನು ಎಬ್ಬಿಸಿ ಬಿಡುಗಡೆ ಮಾಡುತ್ತದೆ. ಬಿಟ್ಟಾಗ ಸ್ಪ್ರಿಂಗು ಅದನ್ನು ಮತ್ತೆ ಹಲ್ಲಿಗೆ ಅದುಮುತ್ತದೆ.

ಯುವಕ ಬಟ್ಟೆಯಿಂದ ಗ್ರೀಸು ಒರೆಸಿ ಬಿಸಿಲಿಗೆ ಹಿಡಿದು, “ಪಳ್ಳು ಅರಿಗಿಪೋಯಾಯಿ, ಸಾರ್” ಎಂದ. ಹಲ್ಲು ಸವೆದುಹೋಗಿವೆ. ಕನ್ನಡ ಪಾಠ ಹೇಳಿ ನಿವೃತ್ತನಾದವನ ಕಿವಿ ಅಲ್ಲಿ ಒಂದು ಕ್ಷಣ ನಿಂತಿತು. ಹಳಗನ್ನಡದಲ್ಲಿ ನಮ್ಮದೂ ‘ಪಲ್’ ತಾನೆ? ನಾವು ಪಕಾರವನ್ನು ಹಕಾರ ಮಾಡಿ ‘ಹಲ್ಲು’ ಎಂದೆವು. ತೆಲುಗರು ಪಕಾರವನ್ನು ಉಳಿಸಿಕೊಂಡರು. ತರಗತಿಯಲ್ಲಿ ಪಕಾರ ಹಕಾರವಾದ ಕಥೆಯನ್ನು ಎಷ್ಟೋ ವರ್ಷ ಹೇಳಿದ್ದೇನೆ. ಗ್ರೀಸು ಮೆತ್ತಿದ ಕೈಯಲ್ಲಿ ಅದಕ್ಕೆ ಉದಾಹರಣೆ ಸಿಕ್ಕಿದ್ದು ಅದೇ ಮೊದಲು.

ಭಾವನವರು ಹಲ್ಲನ್ನು ಅರದಿಂದ ಉಜ್ಜಿ ಚೂಪು ಮಾಡಿಬಿಡು ಎಂದರು. ಆತ ಒಪ್ಪಲಿಲ್ಲ. ಇಂಥ ಹಲ್ಲುಗಳಿಗೆ ಸಾಮಾನ್ಯವಾಗಿ ಕಾಯಿಸಿ ಹದ ಕೊಟ್ಟಿರುತ್ತಾರೆ. ಗಟ್ಟಿತನವಿರುವುದು ಮೇಲಿನ ತೆಳುವಾದ ಪದರದಲ್ಲಿ. ಅರ ಹಾಕಿದರೆ ಆ ಪದರ ಹೋಗಿ ಒಳಗಿನ ಮೆದು ಲೋಹ ಮೇಲೆ ಬರುತ್ತದೆ. ನೋಡಲು ಹೊಸ ಹಲ್ಲು, ಕಚ್ಚಲು ಶಕ್ತಿಯಿಲ್ಲ. ವೆಲ್ಡಿಂಗ್ ಮಾಡಿದರೂ ಕಾವಿಗೆ ಹದ ಕೆಡುತ್ತದೆ. ಇಡೀ ಹಿಡಿಯನ್ನೇ ಬದಲಾಯಿಸುವುದು ಲೇಸು ಎಂದ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅದನ್ನು ತರಿಸಲು ನಾಲ್ಕು ದಿನ ಹಿಡಿಯಿತು.

ಅಷ್ಟಕ್ಕೆ ಕೆಲಸ ಮುಗಿಯಿತೆಂದು ನಾವು ತಿಳಿದಿದ್ದೆವು. ಆತ ಹಿಂದಿನ ಗಾಲಿಗಳನ್ನೂ ಬಿಚ್ಚಬೇಕೆಂದ. ಹಲ್ಲುಗಳು ಅಷ್ಟು ಬೇಗ ಸವೆದದ್ದೇಕೆ ಎಂಬುದು ಅವನ ಪ್ರಶ್ನೆ. ಇದು ನನಗೆ ತುಂಬ ಹಿಡಿಸಿತು. ಹಳೆಯ ಪ್ರತಿಯಲ್ಲಿ ತಪ್ಪು ಕಂಡರೆ ತಿದ್ದಿ ಮುಂದೆ ಹೋಗದೆ, ಲಿಪಿಕಾರ ಎಲ್ಲಿ ಎಡವಿದ ಎಂದು ಹುಡುಕುವ ಸಂಪಾದಕನ ಬುದ್ಧಿ ಅದು. ಕಾರಿನ ಹಿಂಬದಿಯನ್ನು ಜಾಕಿನಿಂದ ಎತ್ತಿ, ಜಾಕನ್ನೊಂದೇ ನಂಬದೆ ಕೆಳಗೆ ಸ್ಟ್ಯಾಂಡು ಕೊಟ್ಟು, ಡ್ರಮ್ಮುಗಳನ್ನು ಕಳಚಿದ. ಒಳಗಿನ ಧೂಳನ್ನು ಊದಲು ಹೋದ ನನ್ನ ಸೋದರಳಿಯನ ಮಗನನ್ನು ತಡೆದು, ಒದ್ದೆ ಬಟ್ಟೆಯಿಂದ ಒರೆಸಿದ. ಹಳೆಯ ಬ್ರೇಕುಗಳ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು. ತಂತಿ ಎಳೆದಾಗ ಒಂದು ಚಿಕ್ಕ ಸನ್ನೆ ಅವೆರಡನ್ನೂ ಹೊರಕ್ಕೆ ತಳ್ಳಿ ಡ್ರಮ್ಮಿಗೆ ಒತ್ತುತ್ತದೆ. ಲೈನಿಂಗು ಸವೆದು ತೆಳುವಾಗಿತ್ತು. ಎಡಗಡೆಯ ತಂತಿಯ ಕವಚದ ರಬ್ಬರು ಹರಿದು, ನೀರೂ ಕೆಮ್ಮಣ್ಣೂ ಸೇರಿ, ತಂತಿ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಬಲಗಾಲಿಯೊಂದೇ ಇಷ್ಟು ದಿನ ದುಡಿದಿದೆ. ಅದು ಸಾಲದೆ ಎಳೆಯುವವರು ಎರಡು ಕೈ ಹಾಕಿ ಎಳೆದಿದ್ದಾರೆ. ನಟ್ಟು ಬಿಗಿದವರು ಇದ್ದ ರೋಗವನ್ನು ಮರೆಮಾಡಿದ್ದಾರೆ. ಭಾರವೆಲ್ಲ ಬಂದು ಬಿದ್ದದ್ದು ಆ ಪುಟ್ಟ ಕೊಕ್ಕೆಯ ಮೇಲೆ.

ಹೊಸ ಶೂ, ಹೊಸ ತಂತಿಗಳು ಬಂದವು. ಕ್ರಮವನ್ನು ಆತ ಬಿಡಲಿಲ್ಲ: ಮೊದಲು ಡ್ರಮ್ಮಿನೊಳಗೆ ಶೂಗಳ ಅಂತರ ಸರಿಪಡಿಸಬೇಕು, ತಂತಿಯ ನಟ್ಟು ಕಡೆಯದು. ಹಿಡಿ ಕೆಳಗಿರುವಾಗ ಎರಡು ಹಿಂಗಾಲಿಗಳೂ ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಐದಾರು ಹಲ್ಲು ಎಳೆದೊಡನೆ ಎರಡೂ ಒಟ್ಟಿಗೆ ಬಿಗಿಯಬೇಕು. ಆಮೇಲೆ ಕಾರನ್ನು ಓಣಿಯ ಇಳಿಜಾರಿಗೆ ತಂದು, ಕೆಳಗೆ ಯಾರೂ ಇಲ್ಲವೆಂದು ನೋಡಿ, ತಾನೇ ಒಳಗೆ ಕುಳಿತು, ಗೇರು ತೆಗೆದು, ಹಿಡಿ ಎಳೆದು ಕಾಲನ್ನು ಬ್ರೇಕಿನಿಂದ ತೆಗೆದ. ಕಾರು ಕದಲಲಿಲ್ಲ. ಅಕ್ಕ ಹೊಸಿಲಿನ ಮೇಲೆ ನಿಂತು ನೋಡುತ್ತಿದ್ದಳು. ಮತ್ತೊಂದು ಸಲ ಮಾಡಪ್ಪ ಎಂದಳು; ಆತ ಬೇಸರಿಸದೆ ಮತ್ತೊಂದು ಸಲ ಮಾಡಿದ.

ಹಣ ಎಣಿಸುವಾಗ ಭಾವನವರಿಗೆ ಒಂದು ಎಚ್ಚರಿಕೆ ಹೇಳಿದ. ತಿಂಗಳುಗಟ್ಟಲೆ ಊರಿನಲ್ಲಿಲ್ಲದಿದ್ದರೆ ಹ್ಯಾಂಡ್‌ಬ್ರೇಕು ಎಳೆದಿಟ್ಟು ಹೋಗಬೇಡಿ; ತೇವಕ್ಕೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ.

“ಹಾಗಾದರೆ ಇಷ್ಟೆಲ್ಲ ಖರ್ಚು ಮಾಡಿಸಿದ್ದು ಎಳೆಯದೆ ಇರೋದಕ್ಕೇನಯ್ಯ?” ಎಂದರು ಭಾವನವರು.

“ದಿನಾ ಎಳೀರಿ, ಸಾರ್. ದೂರದೂರಿಗೆ ಹೋಗೋವಾಗ ಮಾತ್ರ ಸಮನಾದ ನೆಲದಲ್ಲಿ, ಗೇರಿನಲ್ಲಿ ನಿಲ್ಲಿಸಿ, ಎರಡು ಕಡೆ ಮರದ ಬೆಣೆ ಕೊಡಿ.”

ಭಾವನವರು ಹಳೆಯ ಎತ್ತಿನಗಾಡಿಯ ನೊಗದ ತುಂಡು ಎಲ್ಲಿದೆಯೆಂದು ಹುಡುಕಲು ಅಟ್ಟ ಹತ್ತಿದರು.