ಒತ್ತಕ್ಷರ ಒಡೆಯುವ ಆಟ ನಮಗೆ ಬೇಡ!

(ಬೆಂಗಳೂರಿನಲ್ಲಿ ನೆಲೆಸಿರುವ ವಿಜಯಪುರ ಜಿಲ್ಲೆಯ ತರುಣರ ಮುಂದೆ ಸಿಂದಗಿಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನನ್ನನ್ನು ಕರೆದವರು 'ಕನ್ನಡ ಉಳಿಸುವ ಬಗ್ಗೆ ನಾಲ್ಕು ಮಾತು ಆಡಿ' ಅಂದರು. ಉಳಿಸುವ ಮಾತು ಆಡುವುದಕ್ಕೆ ನನಗಿಂತ ದೊಡ್ಡ ಗಂಟಲಿನವರು ಈ ನಾಡಿನಲ್ಲಿ ಬೇಕಾದಷ್ಟು ಇದ್ದಾರೆ. ನಾನು ಪಿಯುಸಿಗೇ ಪುಸ್ತಕ ಮಡಚಿಟ್ಟು ಅಪ್ಪನ ಪ್ರೆಸ್ಸಿಗೆ ಕೂತವನು. ನನಗೆ ಗೊತ್ತಿರುವುದು ಅಕ್ಷರ ಜೋಡಿಸುವ ಕೆಲಸ ಒಂದೇ. ಅದನ್ನೇ ಹೇಳುತ್ತೇನೆ. ಆದರೆ ಇವತ್ತು ಕಾಗದದ ಮೇಲಿನ ಅಕ್ಷರವಲ್ಲ. ನಿಮ್ಮ ಫೋನಿನಲ್ಲಿ ನೀವು ಆಡುವ, ನಿಮ್ಮಲ್ಲಿ ಕೆಲವರು ತಯಾರು ಮಾಡುವ ವಿಡಿಯೋ ಗೇಮಿನೊಳಗಿನ ಅಕ್ಷರ.

ನಮ್ಮ ಓಣಿಯ ಹುಡುಗನೊಬ್ಬ ಇಲ್ಲೇ ಬೆಂಗಳೂರಿನಲ್ಲಿ ಓದುತ್ತಾನೆ. ರಜೆಗೆ ಊರಿಗೆ ಬಂದವನು ಒಂದು ಮಧ್ಯಾಹ್ನ ಪ್ರೆಸ್ಸಿಗೆ ಬಂದ.

"ಕಾಕಾ, ನಲವತ್ತು ಶಬ್ದ ಅದಾವ್ರಿ. ಚಂದಗೆ ಟೈಪ್ ಮಾಡಿ, ಒಂದೊಂದನ್ನೂ ಬ್ಯಾರೆ ಬ್ಯಾರೆ ಫೋಟೋ ಮಾಡಿ ಕೊಡ್ರಿ" ಅಂದ.

"ಯಾಕೋ ತಮ್ಮಾ, ಕನ್ನಡ ಟೈಪ್ ಮಾಡೂದು ನಿನಗ ಬರೂದಿಲ್ಲೇನು?"

"ನನಗ ಬರ್ತದ್ರಿ. ಗೇಮಿಗೆ ಬರೂದಿಲ್ಲ."

ಲ್ಯಾಪ್‌ಟಾಪ್ ತೆರೆದು ತೋರಿಸಿದ. ನಮ್ಮ ಕಡೆಯ ಕೆಂಪು ಬಸ್ಸಿನ ಆಟ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ನಾಲ್ಕು ಊರಿನ ನಿಲ್ದಾಣಕ್ಕೆ ಬಸ್ಸು ಓಡಿಸಬೇಕು, ಮಂದಿಯನ್ನು ಹತ್ತಿಸಬೇಕು, ಇಳಿಸಬೇಕು. ಪ್ರತಿ ನಿಲ್ದಾಣದ ಮೇಲೂ ಊರಿನ ಹೆಸರು. ಹುಡುಗ ಬರೆದದ್ದು ಶುದ್ಧವಾಗಿಯೇ ಇತ್ತು. ಪರದೆಯ ಮೇಲೆ ಬಂದದ್ದು ನೋಡಿ ನನ್ನ ಕರುಳು ಕಿವುಚಿತು. ಇಂಡಿಯ 'ಡ' ತಲಕಟ್ಟು ಹೊತ್ತುಕೊಂಡೇ ನಿಂತಿದೆ, ಅದರ ಗುಡಿಸು ಪಕ್ಕದಲ್ಲಿ ಅನಾಥವಾಗಿ ಬಿದ್ದಿದೆ. ಸಿಂದಗಿಯಲ್ಲಿ ಅದೇ ಗತಿ, ಎರಡು ಕಡೆ. ಮುದ್ದೇಬಿಹಾಳದಲ್ಲಂತೂ ಎರಡು 'ದ' ಅಕ್ಕಪಕ್ಕ ಕೂತಿವೆ, ಒತ್ತು ಕೆಳಗೆ ಇಳಿದೇ ಇಲ್ಲ, ಏತ್ವ ಹಿಂದೆ ಬಾಲದ ಹಾಗೆ ಎಳೆದುಕೊಂಡು ಬಂದಿದೆ. ನಾಲ್ಕು ಊರುಗಳಲ್ಲಿ ನೆಟ್ಟಗೆ ಮೂಡಿದ್ದು 'ಬಸವನ' ಎಂಬ ನಾಲ್ಕು ಅಕ್ಷರ ಮಾತ್ರ! ಯಾಕೆಂದರೆ ಅದರಲ್ಲಿ ಗುಡಿಸಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಮುಂದೆ ಬಾಗೇವಾಡಿಗೆ ಬಂದರೆ ಮತ್ತೆ ಅಪಘಾತ.

ಹುಡುಗ ತಲೆ ಕೆರೆದುಕೊಂಡು ಕೇಳಿದ: "ಇಂಗ್ಲಿಷಿನಾಗ ಹಾಕಿಬಿಡ್ಲೇನ್ರಿ ಕಾಕಾ?"

ಗೆಳೆಯರೇ, ಈ ಒಂದು ಪ್ರಶ್ನೆಗಾಗಿಯೇ ನಾನು ರಾತ್ರಿ ಬಸ್ಸು ಹತ್ತಿ ನಿಮ್ಮ ಮುಂದೆ ಬಂದಿದ್ದೇನೆ.

ಅಂಗಡಿ ಬೋರ್ಡುಗಳಿಗಾಗಿ ಬೀದಿಗೆ ಇಳಿದವರು ನಾವು. 2023ರ ಡಿಸೆಂಬರ್ 27ರಂದು ಇದೇ ಬೆಂಗಳೂರಿನ ರಸ್ತೆಗಳಲ್ಲಿ ಏನಾಯಿತೆಂದು ನಿಮಗೆ ಗೊತ್ತು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು, ನಾಮಫಲಕದ ಶೇಕಡಾ 60 ಭಾಗ ಕನ್ನಡಕ್ಕೆ ಅಂತಾಯಿತು. ಸರಿ. ಆದರೆ ನಿಮ್ಮ ತಮ್ಮ, ತಂಗಿ ದಿನಕ್ಕೆ ಎಷ್ಟು ಅಂಗಡಿ ಬೋರ್ಡು ಓದುತ್ತಾರೆ? ಎಷ್ಟು ಹೊತ್ತು ಫೋನು ನೋಡುತ್ತಾರೆ? ಗೇಮು ತಯಾರಿಸುವವರು 'ಲೇಬಲ್' ಅನ್ನುತ್ತಾರಲ್ಲ, ಅದು ಪರದೆಯೊಳಗಿನ ಬೋರ್ಡು. 'ಆಟ ಶುರು' ಅನ್ನುವುದು ಒಂದು ಬೋರ್ಡು, 'ಅಂಕ' ಒಂದು ಬೋರ್ಡು, 'ಸೋತೆ, ಮತ್ತೆ ಆಡು' ಒಂದು ಬೋರ್ಡು. ಅಲ್ಲಿ ಕನ್ನಡ ಇಲ್ಲದಿದ್ದರೆ ಅನ್ಯಾಯ. ಅಲ್ಲಿ ಕನ್ನಡ ಕೈಕಾಲು ಮುರಿದುಕೊಂಡು ಬಿದ್ದಿದ್ದರೆ ಇನ್ನೂ ದೊಡ್ಡ ಅನ್ಯಾಯ. ಎಂಟು ವರ್ಷದ ಮಗು ಅದನ್ನು ನೋಡಿ ಏನು ತಿಳಿಯುತ್ತದೆ? ಗೇಮು ಕೆಟ್ಟಿದೆ ಅಂತ ತಿಳಿಯುವುದಿಲ್ಲ. ಕನ್ನಡವೇ ಹೀಗೆ, ಅದು ಶಾಲೆಯ ಪುಸ್ತಕಕ್ಕಷ್ಟೇ ಲಾಯಕ್ಕು ಅಂತ ತಿಳಿಯುತ್ತದೆ.

ಹಾಗಾದರೆ ಅಕ್ಷರ ಒಡೆಯುವುದೇಕೆ? ಇದನ್ನು ನಾನು ಸೀಸದ ಮೊಳೆಯಿಂದಲೇ ಹೇಳಬೇಕು. ನಾನು ಹುಡುಗನಾಗಿದ್ದಾಗ, 1990ರ ದಶಕದಲ್ಲಿ, ನಮ್ಮಲ್ಲಿ ಟ್ರೆಡಲ್ ಮಷಿನ್ ಇತ್ತು, ಕೇಸಿನ ತುಂಬ ಮೊಳೆ ಇತ್ತು. ಬಾಯಿ 'ದ್ದೇ' ಅನ್ನುವಾಗ ಮೊದಲು ದ್, ಆಮೇಲೆ ದ, ಆಮೇಲೆ ಏ. ಕಂಪೋಜಿಟರನ ಕೈ ಹಾಗೆ ಹೋಗುವುದಿಲ್ಲ. ಅವನು ಮೊದಲು 'ದೆ' ಮೊಳೆ ಎತ್ತುತ್ತಾನೆ, ಅದಕ್ಕೆ ದ-ಒತ್ತು ಕೊಡುತ್ತಾನೆ, ಕೊನೆಗೆ ದೀರ್ಘ ಇಡುತ್ತಾನೆ. ಅಂದರೆ ಎರಡನೆಯ ಅಕ್ಷರದ ಏತ್ವ ಮೊದಲನೆಯ ಅಕ್ಷರದ ತಲೆಯ ಮೇಲೆ ಕೂರುತ್ತದೆ! 'ಕರ್ನಾಟಕ' ಬರೆಯುವಾಗ ಬಾಯಲ್ಲಿ ಮೊದಲು ಬರುವ 'ರ್' ಅರ್ಕಾವತ್ತಾಗಿ 'ನಾ' ಆದಮೇಲೆ ಬಂದು ನಿಲ್ಲುತ್ತದೆ. ಇದೆಲ್ಲ ಕಂಪೋಜಿಟರನ ತಲೆಯಲ್ಲಿತ್ತು.

ಕಂಪ್ಯೂಟರು ಈಗ ಅಕ್ಷರಗಳನ್ನು ಬಾಯಿಯ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಯೂನಿಕೋಡಿನ ನಿಯಮ ಅದು. 'ಮುದ್ದೇಬಿಹಾಳ' ನಿಮ್ಮ ಕಣ್ಣಿಗೆ ಐದು ಅಕ್ಷರ, ಕಂಪ್ಯೂಟರಿಗೆ ಹನ್ನೊಂದು ಸಂಕೇತ - ಮ, ಕೊಂಬು, ದ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ದ, ಏತ್ವ, ಹೀಗೆ. ಆ ಹನ್ನೊಂದನ್ನು ಐದು ಮಾಡಿ ಕೂರಿಸಲು ನಡುವೆ ಒಬ್ಬ ಕಂಪೋಜಿಟರ್ ಬೇಕೇ ಬೇಕು. ಮೊಳೆಗಳು ಫಾಂಟಿನಲ್ಲಿವೆ, ಜೋಡಿಸುವ ನಿಯಮವೂ ಫಾಂಟಿನಲ್ಲೇ ಇದೆ, ಆದರೆ ಆ ನಿಯಮ ಓದಿ ಕೆಲಸ ಮಾಡುವ ಆಳು ಫಾಂಟಿನಲ್ಲಿಲ್ಲ! ಆಳಿನ ಕೆಲಸ ಮಾಡುವ ಪ್ರಸಿದ್ಧ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಇರಾನಿನಲ್ಲಿ ಹುಟ್ಟಿದ ಬೆಹದಾದ್ ಇಸ್ಫಹಬೋದ್ ಎಂಬವರು ಕಟ್ಟಿ ಬೆಳೆಸಿದ್ದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಪಾರಸಿ ಅಕ್ಷರ ಕೂಡಿಸುವ ಕಷ್ಟ ಗೊತ್ತಿದ್ದವರು ಮಾಡಿದ ಕೆಲಸ ಇವತ್ತು ನಮ್ಮ ಒತ್ತಕ್ಷರವನ್ನೂ ಕಾಯುತ್ತಿದೆ.

ಗೇಮ್ ಎಂಜಿನ್ನುಗಳು ಮೊದಲು ಇಂಗ್ಲಿಷಿಗಾಗಿ ಹುಟ್ಟಿದವು. ಇಂಗ್ಲಿಷಿಗೆ ಒಂದು ಸಂಕೇತ, ಒಂದು ಮೊಳೆ. ಕಂಪೋಜಿಟರನೇ ಬೇಡ, ಸಾಲಾಗಿ ಸುರಿದರೆ ಸಾಕು. ನಮ್ಮ ಹುಡುಗನ ಎಂಜಿನ್ನಿನ ಲೇಬಲ್ಲೂ ಹಾಗೇ ಸುರಿಯುವ ಜಾತಿಯದು. ಅದರ ಹೆಸರು ಇಲ್ಲಿ ಬೇಡ.

ಇದಕ್ಕೆ ಜನ ಕಂಡುಕೊಂಡ ಕಳ್ಳದಾರಿ ಎರಡು. ಒಂದು, ಶಬ್ದಗಳನ್ನು ಚಿತ್ರ ಮಾಡಿ ಅಂಟಿಸುವುದು. ಹುಡುಗ ನನ್ನ ಹತ್ತಿರ ಬಂದದ್ದು ಅದಕ್ಕೇ. ಆದರೆ ಅಂಕ ಒಂದು ಏರಿದರೆ, ಆಡುವವನ ಹೆಸರು ಬಂದರೆ ಯಾವ ಚಿತ್ರ ಅಂಟಿಸುತ್ತೀರಿ? ಎರಡನೆಯದು ನಮ್ಮ ಪ್ರೆಸ್ಸಿನವರ ಹಳೆಯ ಚಾಳಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿದ್ದಾರೆ. ಅವನ್ನು ಹಾಕಿದರೆ ಕಣ್ಣಿಗೆ ಕನ್ನಡ ಸರಿಯಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಕಸ. ಹುಡುಕಲು ಆಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ತಿಳಿಯದು, ಫಾಂಟು ಬದಲಿಸಿದರೆ ಎಲ್ಲ ಮಾಯ. ಮದುವೆ ಕಾರ್ಡಿಗೆ ನಾನೂ ಅದನ್ನೇ ಬಳಸಿ ಹೊಟ್ಟೆ ಹೊರೆದಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಕಾರ್ಡು ಮದುವೆಯಾದ ಮೇಲೆ ರದ್ದಿಗೆ ಹೋಗುತ್ತದೆ. ಗೇಮು ಹಾಗಲ್ಲ.

'ಕನ್ನಡ ಬರುವುದಿಲ್ಲ' ಅನ್ನುವ ನೆಪ ಈಗ ಉಳಿದಿಲ್ಲ. ಗೋಡೋ ಎಂಬ ಎಂಜಿನ್ ಇದೆ. ಅರ್ಜೆಂಟೀನಾದ ಇಬ್ಬರು ಕಟ್ಟಿದ್ದು, 2014ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಒಂದು ಪೈಸೆ ಕೊಡಬೇಕಿಲ್ಲ. 2023ರ ಮಾರ್ಚಿನಲ್ಲಿ ಬಂದ ಅದರ 4.0 ಆವೃತ್ತಿಯಿಂದ ಹಾರ್ಫ್‌ಬಜ್ ಒಳಗೇ ಇದೆ. ಅನ್‌ರಿಯಲ್ ಎಂಜಿನ್ನಿನಲ್ಲೂ ಇದೆ. ಯೂನಿಟಿಯ 2024ರ ಆರನೆಯ ಆವೃತ್ತಿಯಲ್ಲೂ, ಅದರ ಯುಐ ಟೂಲ್‌ಕಿಟ್ ಎಂಬ ಭಾಗದಲ್ಲಿ, ಹಾರ್ಫ್‌ಬಜ್ ಬಳಸುವ ಹೊಸ ಅಕ್ಷರ ಜೋಡಣೆಯ ಆಯ್ಕೆ ಬಂತು. ಕೇಳಿ ಆರಿಸಿಕೊಳ್ಳಬೇಕಾದವರು ನೀವು.

ನಮ್ಮ ಹುಡುಗ ಹದಿನೈದು ದಿನ ಕೂತು ಆಟವನ್ನು ಗೋಡೋಗೆ ಸಾಗಿಸಿದ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪ್ರೂಫ್ ನೋಡಿದೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ, ಗೇಮು ಮಾಡುವವರು ಕಿವಿಗೊಡಿ.

ಮೊದಲು ಫಾಂಟು. ಎಂಜಿನ್ನಿನ ಜೊತೆ ಬರುವ ಫಾಂಟನ್ನು ನಂಬಿ ಕೂರಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಕಾಣುತ್ತದೆ, ಯಾಕೆಂದರೆ ಅದು ವಿಂಡೋಸಿನ ಕನ್ನಡ ಫಾಂಟನ್ನು ಸಾಲ ತಂದಿರುತ್ತದೆ. ಅದೇ ಗೇಮನ್ನು ಬ್ರೌಸರಿನಲ್ಲಿ ಆಡಲು ಬಿಟ್ಟರೆ ಸಾಲ ಸಿಗುವುದಿಲ್ಲ, ಬರೀ ಡಬ್ಬಿ ಡಬ್ಬಿ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ - ಮೂರೂ ಪುಕ್ಕಟೆ, ಮೂರನ್ನೂ ಗೇಮಿನೊಳಗೇ ತುಂಬಿ ಹಂಚಲು ಅನುಮತಿ ಇದೆ. ಮಕ್ಕಳ ಆಟಕ್ಕೆ ಬಲೂ ತಮ್ಮದ ದುಂಡು ಮೈ ನನಗೆ ಹಿಡಿಸಿತು. ಸಣ್ಣ ಅಕ್ಷರಕ್ಕೆ ಮಾತ್ರ ನೋಟೋ.

ಎರಡನೆಯದು ಸಾಲಿನ ಅಂತರ. ಇಂಗ್ಲಿಷಿಗೆ ಅಳೆದ ಲೇಬಲ್ಲಿನಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಕಟ್ಟನ್ನು ಒದೆಯುತ್ತದೆ. ನಾವು ಸಾಲುಗಳ ನಡುವೆ ಲೆಡ್ ಪಟ್ಟಿ ಇಡುತ್ತಿದ್ದೆವು. ಗೋಡೋದಲ್ಲಿ 'ಲೇಬಲ್ ಸೆಟ್ಟಿಂಗ್ಸ್' ಎಂಬ ಒಂದೇ ಜಾಗದಲ್ಲಿ ಫಾಂಟು, ಗಾತ್ರ, ಬಣ್ಣ, ಅಂಚು, ನೆರಳು, ಸಾಲಿನ ಅಂತರ ಎಲ್ಲ ಸಿಗುತ್ತವೆ. ಒಮ್ಮೆ ಸರಿಮಾಡಿ ಉಳಿಸಿದರೆ ಎಲ್ಲ ಲೇಬಲ್ಲಿಗೂ ಅದನ್ನೇ ತೊಡಿಸಬಹುದು.

ಅಂಚಿನ ಬಗ್ಗೆ ಒಂದು ಜಗಳವೇ ಆಯಿತು. ಹುಡುಗನಿಗೆ ಅಕ್ಷರದ ಸುತ್ತ ದಪ್ಪ ಕಪ್ಪು ಅಂಚು ಬೇಕು, ಇಂಗ್ಲಿಷ್ ಗೇಮಿನಲ್ಲಿ ಇರುತ್ತದಂತೆ. ಹಾಕಿ ನೋಡಿದರೆ ದ-ಒತ್ತು, ಗುಡಿಸು ಎಲ್ಲ ಮಸಿ ತುಂಬಿದ ಮೊಳೆಯ ಹಾಗೆ ಮುಚ್ಚಿಹೋದವು. ಕನ್ನಡ ಅಕ್ಷರದ ಜೀವ ಇರುವುದು ಅದರ ಸುಳಿಯೊಳಗಿನ ಬೆಳಕಿನಲ್ಲಿ. ಅಂಚು ತೆಳುವಾಗಿಸಿದೆವು, ಗಾತ್ರ ಹೆಚ್ಚಿಸಿದೆವು.

ಇನ್ನೊಂದು, ಒಂದೊಂದೇ ಅಕ್ಷರ ಮೂಡುವ ಆಟ. ಬಸ್ಸು ಹತ್ತಿದ ಅಜ್ಜಿ ಮಾತಾಡುವಾಗ ಅಕ್ಷರಗಳು ಟಕಟಕ ಬರಬೇಕು. ಮೊದಲ ಸಲ ನೋಡಿದಾಗ ಮು, ಮುದ, ಮುದ್, ಮುದ್ದ, ಮುದ್ದೇ ಅಂತ ಅಕ್ಷರ ಕಣ್ಣೆದುರೇ ವೇಷ ಬದಲಿಸುತ್ತಿತ್ತು. ತೊದಲುವ ಅಜ್ಜಿ! ಗೋಡೋದಲ್ಲಿ ಇದಕ್ಕೂ ಮದ್ದಿದೆ. ಅಕ್ಷರ ಬಚ್ಚಿಡುವುದು ಜೋಡಣೆಗೆ ಮೊದಲೋ, ಜೋಡಣೆ ಆದಮೇಲೋ ಎಂದು ಆರಿಸಬಹುದು. 'ಆದಮೇಲೆ' ಅಂತ ಇಡಿ, 'ದ್ದೇ' ಇಡಿಯಾಗಿ ಬರುತ್ತದೆ.

ಇಷ್ಟೆಲ್ಲ ಯಾಕೆ ಮಾಡಬೇಕು ಅನ್ನುವವರಿಗೆ ನಮ್ಮ ಜಿಲ್ಲೆಯಲ್ಲಿ ಬಾಳಿದ ಒಬ್ಬ ಹಿರಿಯರನ್ನು ತೋರಿಸುತ್ತೇನೆ. ಫ. ಗು. ಹಳಕಟ್ಟಿಯವರು ವಕೀಲರು. ವಚನಗಳ ತಾಳೆಗರಿ ಹುಡುಕಿ ತೆಗೆದು 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಕಂಡವರ ಪ್ರೆಸ್ಸಿನ ಮರ್ಜಿ ಕಾಯುತ್ತ ಕೂರಲಿಲ್ಲ, 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಮಾತು ಮೊಳೆಯ ಮೇಲೆ ಬರಲು ಒಬ್ಬ ಮನುಷ್ಯ ಮನೆ ಕಳೆದುಕೊಳ್ಳಬೇಕಾಯಿತು. ನಿಮ್ಮನ್ನು ಮನೆ ಮಾರಿ ಅಂತ ಯಾರೂ ಕೇಳುತ್ತಿಲ್ಲ. ಒಂದು ಆಯ್ಕೆಯ ಗುಂಡಿ ಒತ್ತಿ ಅಂತ ಕೇಳುತ್ತಿದ್ದೇವೆ.

ಗೇಮು ತಯಾರಿಸದವರಿಗೂ ಕೆಲಸ ಇದೆ. ಒಡೆದ ಕನ್ನಡ ಕಂಡರೆ ಚಿತ್ರ ಹಿಡಿಯಿರಿ, ತಯಾರಿಸಿದವರಿಗೆ ಕಳಿಸಿ, ಯಾವ ಅಕ್ಷರ ಹೇಗೆ ಇರಬೇಕಿತ್ತು ಅಂತ ಪ್ರೂಫ್ ತಿದ್ದಿದ ಹಾಗೆ ಬರೆಯಿರಿ. ಬೈದು ಬರೆದರೆ ಅವರು ಓದುವುದಿಲ್ಲ. ರಾಜ್ಯ ಸರಕಾರ ಗೇಮಿಂಗ್, ಅನಿಮೇಷನ್ ಉದ್ಯಮಕ್ಕೆಂದು 2024ರಲ್ಲಿ ಹೊಸ ನೀತಿ ತಂದಿದೆ. ಸರಕಾರದ ನೆರವು ಪಡೆಯುವ ಪ್ರತಿ ಗೇಮಿನಲ್ಲೂ ಕನ್ನಡ ಲೇಬಲ್ ಇರಬೇಕು, ಒತ್ತಕ್ಷರ ಒಡೆಯದೆ ಇರಬೇಕು ಅಂತ ಷರತ್ತು ಹಾಕಿಸಲು ನಾವು ಕೇಳಬೇಕು. ಮುಂದಿನ ಮನವಿಪತ್ರದಲ್ಲಿ ಇದೂ ಒಂದು ಸಾಲು ಇರಲಿ. ಅಚ್ಚಿನ ಖರ್ಚು ನನ್ನದು.

ಹುಡುಗನ ಆಟ ಇನ್ನೂ ಮುಗಿದಿಲ್ಲ. ಮೊನ್ನೆ ಫೋನ್ ಮಾಡಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರೂ ಬಸ್ಸಿನ ಹಣೆಯ ಮೇಲೆ ಸರಿಯಾಗಿ ಕೂತಿವೆಯಂತೆ. 'ಬಸವನ ಬಾಗೇವಾಡಿ' ಮಾತ್ರ ಉದ್ದ, ಚೌಕಟ್ಟಿನ ಹೊರಗೆ ಹೋಗುತ್ತದೆ.

"'ಬ. ಬಾಗೇವಾಡಿ' ಅಂತ ಮಾಡ್ಲೇನ್ರಿ ಕಾಕಾ? ಬಸ್ಸಿನ ಬೋರ್ಡಿನ್ಯಾಗೂ ಹಂಗs ಇರ್ತದ."

"ಹೆಸರು ಕಡಿಬ್ಯಾಡೋ ತಮ್ಮಾ, ಚೌಕಟ್ಟು ಅಗಲ ಮಾಡು" ಅಂದೆ.